ವಂತಿಕೆಯ ಕೋಣೆ

"ಅಲ್ಲೇ ನಿಲ್ರೇ, ಅಲ್ಲೇ! ಒಳಗೆ ಕಾಲಿಟ್ರೆ ಆಫೀಸು ಒಂದು ವಾರ ನಾರುತ್ತೆ. ಮೂಗಿಲ್ವೇನ್ರೇ ನಿಮಗೆ?"

ಸಾಹೇಬರಿಗೆ ಮೂಗಿತ್ತು. ಅದನ್ನು ಕರ್ಚೀಫಿನಲ್ಲಿ ಮುಚ್ಚಿಕೊಂಡೇ ಅರ್ಜಿ ಓದಿದರು. ಹೊಸ್ತಿಲಾಚೆ ಅತ್ತೆ ಕೈಕಟ್ಟಿ ನಿಂತಿದ್ದಳು, ಅವಳ ಬೆನ್ನಿಗೆ ಸೊಸೆ. ಊರಿನ ಹೊಲಸೆಲ್ಲ ಬಂದು ಬೀಳುವ ಕಸದ ಗುಡ್ಡದಲ್ಲಿ ಪ್ಲಾಸ್ಟಿಕ್ಕು, ಗಾಜು, ತಗಡು ಆಯ್ದು ಬೇರೆ ಮಾಡುವ ಹೆಂಗಸರದೊಂದು ಸಂಘ. ಅತ್ತೆ ಅದರ ಅಧ್ಯಕ್ಷೆ. ಅವರು ಕೇಳಿದ್ದು ದೊಡ್ಡದೇನಲ್ಲ. ಹೊತ್ತು ಮುಳುಗುವ ತನಕ ಕೂಸುಗಳನ್ನು ಬಿಟ್ಟುಹೋಗಲು ಒಂದು ಕೋಣೆ, ನೋಡಿಕೊಳ್ಳುವವಳಿಗೆ ಒಂದಿಷ್ಟು ಸಂಬಳ. ಇದಕ್ಕೆಲ್ಲ ಸರ್ಕಾರದ ಅನುದಾನ ಸಿಗುತ್ತದೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರು.

"ಕಾರಣ ಅಂತ ಇದೇನು ಬರೆಸಿದೀಯ ಮುದುಕಿ? ಲಾರಿ ಹಿಂದಕ್ಕೆ ಬರುವಾಗ ಮಗು ಚಕ್ರಕ್ಕೆ ಸಿಕ್ಕಿ... ಯಾರ ಮಗು?"

"ನನ್ನ ಮೊಮ್ಮಗ ಸಾಮಿ. ಇವಳ ಕೂಸು. ಗೋಣಿ ಮರೇಲಿ ಮಲಗಿಸಿದ್ಳು. ಡ್ರೈವರಿಗೆ ಕಾಣ್ಲಿಲ್ಲ."

"ಇದನ್ನ ತೆಗಿ. ಅಲ್ಲಿಗೆ ಮಕ್ಕಳನ್ನ ಕರ್ಕೊಂಡು ಹೋಗೋ ಹಾಗೇ ಇಲ್ಲ. ಹೋಗೋ ಹಾಗಿಲ್ಲ ಅಂದ್ಮೇಲೆ ಸಾಯೋದು ಹೇಗೆ?"

ಸಾಹೇಬರು ಆ ಸಾಲಿನ ಮೇಲೆ ಗೀಟೆಳೆದರು. ಸೊಸೆಗೆ ಓದಲು ಬಾರದು. ಆದರೆ ಮಗನ ಸುದ್ದಿ ಇರುವುದು ಆ ಸಾಲಿನಲ್ಲೇ ಎಂದು ಗೊತ್ತಿತ್ತು. ಬರೆಸುವಾಗ ಬೆರಳಿಟ್ಟು ಕೇಳಿಕೊಂಡಿದ್ದಳು.

"ಆಮೇಲೆ ನಿಮ್ಮ ವಂತಿಕೆ ಎಲ್ಲಿ? ಎಲ್ಲಾನೂ ಸರ್ಕಾರವೇ ಕೊಡಲ್ಲ. ಸಂಘದ್ದೂ ಒಂದು ಪಾಲು ಇರ್ಬೇಕು."

"ನಮ್ಹತ್ರ ಏನಿದೆ ಸಾಮಿ?"

"ಮೈಯಿಲ್ವಾ? ದುಡಿಮೆ ಕೊಡಿ. ಆಫೀಸಿನ ಹಿಂದೆ ಹಳೇ ಗೋದಾಮಿದೆ. ಖಾಲಿ ಮಾಡಿ, ತೊಳೆದು, ಸುಣ್ಣ ಹೊಡೀರಿ. ಚೆನ್ನಾಗಾದ್ರೆ ಅದನ್ನೇ ಮಕ್ಕಳಿಗೆ ಮಾಡಿಸೋಣ."

ಅಷ್ಟು ಮಾತು ಸಾಕಾಯಿತು. ಗುಡ್ಡದ ಕೆಲಸ ಮುಗಿಸಿ ಸಂಜೆ ಸಂಜೆ ಬಂದು ಸೊಂಟ ಬಿದ್ದುಹೋಗುವಂತೆ ದುಡಿದರು. ಮುರಿದ ಕುರ್ಚಿ, ಗೆದ್ದಲು ತಿಂದ ಬೀರು, ಗೇಣು ದಪ್ಪಕ್ಕೆ ಬಿದ್ದ ಪಾರಿವಾಳದ ಹಿಕ್ಕೆ. ಗಾಜು ಆಯುವವಳು ಸತ್ತ ಹೆಗ್ಗಣವೊಂದನ್ನು ಬಾಲ ಹಿಡಿದೆತ್ತಿ, "ಇದಕ್ಕೂ ಸಂಬಳ ಬರ್ತಿತ್ತು ಅಂತ ಕಾಣುತ್ತೆ ಕಣ್ರೇ, ಹೊಟ್ಟೆ ನೋಡಿ!" ಅಂದಳು. ನಕ್ಕೂ ನಕ್ಕೂ ಕೆಮ್ಮು ಹತ್ತಿತು ಎಲ್ಲರಿಗೂ.

ಸೊಸೆ ಮಾತ್ರ ನೆಲ ಬಿಟ್ಟು ಏಳಲಿಲ್ಲ. ಅಂಗೈಯಲ್ಲಿ ಸವರಿ ಸವರಿ ಮೊಳೆ, ಗಾಜಿನ ಚೂರು ಹುಡುಕಿ ಕಿತ್ತಳು. ಬಿರುಕುಗಳಿಗೆಲ್ಲ ಸಿಮೆಂಟು ಮೆತ್ತಿದಳು. ಅಂಬೆಗಾಲಿನ ಕೂಸಿನ ಮಂಡಿ ಎಲ್ಲೆಲ್ಲಿ ತಾಗೀತು ಎಂಬುದು ಅವಳಿಗೆ ಇನ್ನೂ ಮರೆತಿರಲಿಲ್ಲ.

"ಸಾಕು ಏಳೇ ತಾಯಿ, ನಿನಗ್ಯಾಕೆ ಇಷ್ಟು..." ಎಂದ ಗಾಜಿನವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅವಳೂ ಪಕ್ಕದಲ್ಲಿ ಕೂತು ನೆಲ ಸವರಿದಳು.

ಸುಣ್ಣ ಒಣಗಿದ ಮೇಲೆ ಜವಾನ ಬಂದ. ನಾಳೆ ಬೆಳಿಗ್ಗೆ ಉದ್ಘಾಟನೆಯಂತೆ, ಮಕ್ಕಳಿಗೆ ತಲೆಗೆ ನೀರೆರೆದು ಕರೆತರಬೇಕಂತೆ. ಹೆಂಗಸರು ಇದ್ದಬದ್ದ ಸೋಪನ್ನೆಲ್ಲ ತಿಕ್ಕಿ ಮಕ್ಕಳನ್ನು ತಂದರು. ಬಾಗಿಲ ಮೇಲೆ ಹೊಸ ಬೋರ್ಡು.

"ಅಲ್ಲಿ ಬರೆದಿರೋದು ನಮ್ಮ ಸಂಘದ ಹೆಸರೇನಪ್ಪಾ?" ಅತ್ತೆ ಹಿಗ್ಗಿನಿಂದ ಕೇಳಿದಳು.

ಜವಾನ ಬೇರೆ ಕಡೆ ನೋಡಿದ. "ಅಲ್ಲಮ್ಮ. ಮೇಡಂ ಅವರ ಮಕ್ಕಳ ಕ್ಷೇಮ ಸಂಸ್ಥೆ."

ಮೇಡಂ ಎಂದರೆ ಕಸದ ಲಾರಿಗಳ ಗುತ್ತಿಗೆದಾರನ ಹೆಂಡತಿ. ಸಾಹೇಬರು ಅವರಿಗೆ ಕುರ್ಚಿ ಒರೆಸುತ್ತಿದ್ದರು. ಅತ್ತೆಯನ್ನು ಕಂಡವರೇ ಮೆಲ್ಲಗೆ ಗದರಿದರು: "ಬಾಯಿ ತೆಗೀಬೇಡ. ನಿಮ್ಮ ಸಂಘಕ್ಕೆ ಅನುಭವ ಇಲ್ಲ, ಅರ್ಜಿ ಬಿದ್ದೋಯ್ತು. ಅನುದಾನ ಮೇಡಂ ಸಂಸ್ಥೆಗೆ."

"ಏನು ಅನುಭವ ಸಾಮಿ?"

"ಮಕ್ಕಳನ್ನ ನೋಡಿಕೊಂಡ ಅನುಭವ."

ಅತ್ತೆ ಏಳು ಹೆತ್ತವಳು. ಸೀದಾ ಮೇಡಂ ಹತ್ತಿರ ಹೋಗಿ, "ಆಗ್ಲಿ ತಾಯಿ, ಯಾರ ಹೆಸರಾದ್ರೇನು. ನಾಳೆಯಿಂದ ಕೂಸುಗಳನ್ನ ಇಲ್ಲೇ ಬಿಡ್ಬಹುದಾ?" ಎಂದಳು.

"ಅಯ್ಯೋ, ಇದು ನಮ್ಮ ಕಚೇರಿ ಕಣಮ್ಮ! ಇಲ್ಲಿ ಕೂತು ನಾವು ಅರಿವು ಮೂಡಿಸ್ತೀವಿ."

ಮಕ್ಕಳ ಕೈಗೆ ಒಂದೊಂದು ಗೊಂಬೆ ಬಂತು. ಸೊಸೆ ಗೋಡೆಗೊರಗಿ ನಿಂತಿದ್ದಳು.

"ಅವಳ್ಯಾಕೆ ಬರೀ ಕೈಲಿ ನಿಂತಿದಾಳೆ? ಯಾರದಾದ್ರೂ ಒಂದು ಮಗು ಕೊಡಿ, ಫೋಟೋ ತುಂಬಿದ ಹಾಗಿರುತ್ತೆ" ಎಂದರು ಮೇಡಂ.

ಜವಾನ ಗಾಜಿನವಳ ಹೆಣ್ಣು ಕೂಸನ್ನು ಸೊಸೆಯ ತೋಳಿಗಿಟ್ಟ. ಅದರ ಬಿಸಿ, ಅದರ ಭಾರ, ನೆತ್ತಿಯ ಸೋಪಿನ ವಾಸನೆ. ಎಲ್ಲರೂ ನಗಬೇಕು ಎಂದು ಫೋಟೋದವನು ಕೂಗಿದ.

ಫೋಟೋ ಮುಗಿದದ್ದೇ ಗೊಂಬೆಗಳು ಡಬ್ಬಕ್ಕೆ ವಾಪಸು. ಒಂದು ಪುಟ್ಟ ಹುಡುಗಿ ಬಿಡಲೊಲ್ಲದು. "ಬಿಡೇ ಬೇವರ್ಸಿ, ನಿಮ್ಮಪ್ಪನ ಮನೇದಾ?" ಎಂದು ಸಾಹೇಬರೇ ಬಗ್ಗಿ ಅದರ ಬೆರಳು ಒಂದೊಂದಾಗಿ ಬಿಡಿಸಿದರು. ಮಗು ಕಿಟ್ಟನೆ ಕಿರುಚಿತು.

"ಮುಗೀತು, ಹೊರಡಿ. ನಿಮ್ಮ ಮರಿಗಳನ್ನ ಎತ್ಕೊಳ್ಳಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಲಾರಿ ಬರೋ ಹೊತ್ತಾಯ್ತು. ನಡೀರೇ ಕೆಲಸಕ್ಕೆ" ಎಂದವಳೇ ತಿರುಗಿ ನೋಡದೆ ಹೊರಟಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ಕಂಕುಳ ಕೂಸನ್ನು ನೆಲಕ್ಕಿಳಿಸಿ ಅತ್ತೆಯ ಹಿಂದೆ ನಡೆದಳು. ಆಮೇಲೆ ಇನ್ನೊಬ್ಬಳು. ಗಾಜಿನವಳು ಬಾಗಿಲಲ್ಲಿ ನಿಂತು ಸೊಸೆಯ ತೋಳಿನಲ್ಲಿದ್ದ ಮಗಳನ್ನೊಮ್ಮೆ ನೋಡಿ, ಬಾಯಿಗೆ ಸೆರಗಿಟ್ಟುಕೊಂಡು ಓಡಿದಳು.

"ಏ! ಏ ಲೌಡಿ ಮುಂಡೇರಾ! ಇವನ್ನ ಯಾರು ನೋಡ್ಕೋತಾರೆ?"

ಸೊಸೆ ಹೊಸ್ತಿಲಿಗೆ ಅಡ್ಡಲಾಗಿ ಕೂತಳು. "ನಾನು ನೋಡ್ಕೋತೀನಿ" ಎಂದಳು.

"ಏಳೇ ಮೇಲೆ! ಪೊಲೀಸ್ನ ಕರೆಸ್ತೀನಿ, ಒದ್ದು ಎಳ್ಕೊಂಡು ಹೋಗ್ತಾರೆ."

"ಕರೆಸಿ ಸಾಮಿ. ಜೀಪು ಮಾತ್ರ ಹಿಂದೆ ಮುಂದೆ ನೋಡ್ಕೊಂಡು ತರೋಕೆ ಹೇಳಿ. ಇಲ್ಲಿ ಮಕ್ಕಳಿದಾವೆ."

ಸಾಹೇಬರು ಫೋನಿಗೆ ಕೈ ಹಾಕಿದರು. ಮಡಿಲಿನ ಕೂಸು ಅವಳ ಮುಖ ನೋಡಿತು, ಇವಳಲ್ಲ ಎಂದು ಗೊತ್ತಾಗಿ ಅಮ್ಮಾ ಎಂದು ಅಳತೊಡಗಿತು. ಅವಳು ಅದರ ಬೆನ್ನು ತಟ್ಟಿದಳು. ಅದು ಅಳು ನಿಲ್ಲಿಸಲಿಲ್ಲ, ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ.