ಉದುರದೆ ಉಳಿದ ಗಚ್ಚು

ಗೊರೇಬಾಳದ ಹಳೆಯ ಮಠದ ಪಡುವಣ ಗೋಡೆಯ ಗಚ್ಚು ಮೂರನೆಯ ಬಾರಿ ಉದುರಿತ್ತು. ಮಸ್ಕಿಯಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಗೌಂಡಿ ಚಾಂದ್‌ಪಾಷಾ ನೆಲಕ್ಕೆ ಬಿದ್ದ ಸುಣ್ಣದ ಚೂರುಗಳನ್ನು ಕಾಲಿನಿಂದ ಸರಿಸಿ ಅಲ್ಲಿಯೇ ಕುಳಿತನು. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕು.

ಮುನ್ನೂರು ವರ್ಷದ ಮಠವನ್ನು ಮೊದಲಿದ್ದಂತೆಯೇ ನಿಲ್ಲಿಸಬೇಕು, ಸಿಮೆಂಟು ಸೋಕಿಸಕೂಡದು ಎಂಬುದು ಕೆಲಸದ ಕರಾರು. ಸುಣ್ಣವನ್ನು ತಿಂಗಳುಗಟ್ಟಲೆ ನೆನೆಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರು ಮತ್ತು ಅಳಲೆಕಾಯಿಯ ಕಷಾಯ ಬೆರೆಸಿ ಗಚ್ಚನ್ನು ಹದಗೊಳಿಸಬಲ್ಲವರ ಪೈಕಿ ಈ ಸೀಮೆಯಲ್ಲಿ ಅವನೊಬ್ಬನೇ ಉಳಿದಿದ್ದನು. ಅರವತ್ತೆಂಟರ ವಯಸ್ಸಿನಲ್ಲಿ ಅವನಿಗಿದ್ದ ಆಸ್ತಿಯೆಂದರೆ ಆ ಹೆಸರೊಂದೇ. ಮೂಡಣ ಗೋಡೆಯ ಮೇಲೆ ಅವನ ಗಚ್ಚು ಶಂಖದಂತೆ ಹೊಳೆಯುತ್ತಿತ್ತು. ಭತ್ತದ ಗದ್ದೆಗೆ ಹತ್ತಿಕೊಂಡ ಪಡುವಣ ಗೋಡೆಯಲ್ಲಿ ಮಾತ್ರ ಏನೂ ನಿಲ್ಲುತ್ತಿರಲಿಲ್ಲ. ನಿಂತದ್ದು ಒಂದು ಮಾರು ಅಗಲದ ತುಣುಕು ಮಾತ್ರ.

ಮಠದ ಕಮಿಟಿಯ ಹಿರಿಯ ಬಸವಂತರಾಯ ಬಂದನು. ಪಕ್ಕದ ಗದ್ದೆಯೂ ಅವನದೇ.

"ಏನ್ ಪಾಷಾ, ನಿನ್ನ ಗಚ್ಚಿಗೂ ನಮ್ಮ ಅಳಿಯಗೂ ಫರಕಿಲ್ಲ ನೋಡು. ಎಷ್ಟು ಬೆಲ್ಲ ತಿನಿಸಿದ್ರೂ ಒಂದ್ ಕಡೆ ನಿಂದ್ರವಲ್ದು." ಹಾಗೆನ್ನುತ್ತಲೇ ಉಳಿದ ತುಣುಕನ್ನು ಕಂಡು ಅದನ್ನು ಅಂಗೈಯಿಂದ ಸವರಿದನು. "ಅಬಬಾ, ಇದು ನೋಡು! ಆವತ್ತು ನಿನ್ನ ಕೈ ಖರೇ ಇತ್ತು. ಇಡೀ ಗೋಡಿ ಹಿಂಗ ಮಾಡಿಬಿಡು. ಮುಂದಿನ ತಿಂಗಳು ಎಲ್ಲಾರ ಮುಂದ ನಿನಗ ಶಾಲು ಹೊದಿಸ್ತೀನಿ."

ಚಾಂದ್‌ಪಾಷಾ ತಲೆ ಎತ್ತಲಿಲ್ಲ. ಆ ತುಣುಕನ್ನು ಮೆತ್ತಿದ ದಿನ ಸಂಜೆ ಅವನ ತೋಳುಗಳು ಸೋತಿದ್ದವು. ಹೊರಗೆ ಕಟ್ಟುತ್ತಿದ್ದ ಪಾಯಖಾನೆಯ ಚೀಲದಿಂದ ನಾಲ್ಕು ಬೊಗಸೆ ಸಿಮೆಂಟು ತಂದು ಗಚ್ಚಿಗೆ ಬೆರೆಸಿದ್ದನು. ಯಾರೂ ನೋಡಿರಲಿಲ್ಲ.

ಅಷ್ಟರಲ್ಲಿ ದುರಸ್ತಿಯ ತಪಾಸಣೆಗೆ ಬಂದಿದ್ದ ಲಿಂಗಸುಗೂರಿನ ಎಂಜಿನಿಯರ್ ಭಾರತಿ ತನ್ನ ಕ್ಯಾಮೆರಾ ಹಿಡಿದು ಗೋಡೆಯುದ್ದಕ್ಕೂ ನಡೆದು ಬಂದಳು. ತೇವವಿದ್ದ ಕಡೆ ನೀಲಿಯಾಗಿ ತೋರಿಸುವ ಯಂತ್ರವದು.

"ಚಾಚಾ, ಗದ್ದಿ ನೀರು ಬುನಾದಿ ಹಿಡದು ಗೋಡಿಗೆ ಏರಾಕತ್ತೈತ್ರಿ. ಉದುರಿದ ಕಡೆ ಸೊಲ್ಪರ ಆರಾಕತ್ತೈತಿ. ಈ ನಿಂತಿದ್ದರ ಸುತ್ತ ನೋಡ್ರಿ, ನೀಲಿ ಅಂದ್ರ ನೀಲಿ. ಸುಣ್ಣ ಆಗಿದ್ರ ನೀರು ಹೊರಗ ಬಿಡ್ತಿತ್ತು. ಇಲ್ಲಿ ಯಾಕ ಬಿಡವಲ್ದು?"

"ಟಿ.ವ್ಹಿ. ನೋಡ್ಕೋತ ಗೋಡಿ ಕಟ್ಟತಾರೇನವಾ?" ಎಂದು ಬಸವಂತರಾಯ ನಕ್ಕನು. "ನಿಂತೈತಿ ಅಂದ್ರ ನಿಂತೈತಿ."

ಯಂತ್ರಕ್ಕೆ ತೇವ ಕಾಣುತ್ತದೆ, ಕೈ ಕಾಣುವುದಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಹೆಸರು ಉಳಿಯುತ್ತಿತ್ತು, ಉಳಿದದ್ದಕ್ಕೂ ಗುಟ್ಟಾಗಿ ಸಿಮೆಂಟು ಬೆರೆಸಿದರೆ ಗೋಡೆಯೂ ತಾನಿರುವವರೆಗೆ ಬೆಳ್ಳಗೆ ನಿಲ್ಲುತ್ತಿತ್ತು. ಚಾಂದ್‌ಪಾಷಾ ಮೊಣಕಾಲಿನ ಮೇಲೆ ಕೈಯೂರಿ ಎದ್ದನು.

"ಧಣೇರ, ಅದು ಗಚ್ಚಲ್ರೀ. ನಾಕು ಬೊಗಸಿ ಸಿಮೆಂಟ್ ಹಾಕೀನ್ರಿ."

"ನೀನಾ?"

"ಸಾಕಾಗಿತ್ರೀ. ಒಮ್ಮೆರ ನಿಂತುಬಿಡಲಿ ಅನ್ನಿಸ್ತು."

ಬಸವಂತರಾಯ ಅವನನ್ನೂ ಗೋಡೆಯನ್ನೂ ನೋಡಿದನು. "ಸುಮ್ಮನಿದ್ದಿದ್ರ ಶಾಲು ಬರ್ತಿತ್ತಲ್ಲೋ ಹುಚ್ಚಾ! ಹಂಗಾರ ಇಡೀ ಗೋಡಿಗೆ ಸಿಮೆಂಟ ಬಡಿ. ಕರಾರು ಹೆಂಗೂ ಮುರದೀ."

ಚಾಂದ್‌ಪಾಷಾ ಚಾಣ ಮತ್ತು ಸುತ್ತಿಗೆ ತೆಗೆದುಕೊಂಡು ತುಣುಕಿನ ಅಂಚಿಗೆ ಎರಡು ಪೆಟ್ಟು ಹಾಕಿದನು. ಅದು ಚೂರಾಗಲಿಲ್ಲ, ಕಾಲು ಮಾರಿನಷ್ಟು ಹಲಗೆಯಂತೆ ಒಂದಾಗಿ ಕಳಚಿತು. ಮಗುಚಿ ತೋರಿಸಿದನು. ಹಲಗೆಯ ಬೆನ್ನಿಗೆ ಕಲ್ಲಿನ ಮೈಯೇ ಅಂಟಿಕೊಂಡು ಬಂದಿತ್ತು. ಹಿಂದಿನ ಕಲ್ಕುಟಿಗರ ಉಳಿಯ ಗೆರೆಗಳು ಅದರೊಂದಿಗೇ ಕಿತ್ತುಹೋಗಿದ್ದವು.

ಬಸವಂತರಾಯ ಬರಿದಾದ ಜಾಗಕ್ಕೆ ಬೆರಳೊತ್ತಿದನು. ನೆನೆದ ಹಿಟ್ಟಿನಂತೆ ಕಲ್ಲು ಬೆರಳಿಗೆ ಹತ್ತಿತು. ಬೆರಳನ್ನು ಪಂಚೆಗೆ ಒರೆಸಿಕೊಂಡು ಗದ್ದೆಯ ಕಡೆ ತಿರುಗಿದನು.

"ನಾಟಿ ಆಗ್ಯಾದ. ಈಗ ನೀರು ಬಂದ್ ಮಾಡಾಕ ಆಗಂಗಿಲ್ಲ," ಎಂದನು. "ಕೊಯ್ಲಾಗಲಿ. ಗೋಡಿ ಕಡೆ ಒಂದು ಪಟ್ಟಿಗೆ ಭತ್ತ ಬಿಟ್ಟು ಜೋಳ ಹಾಕೂಣು, ನೀರು ನಿಲ್ಲಿಸೂದು ಬೇಕಾಗಂಗಿಲ್ಲ. ಅಲ್ಲೀಮಟ ಗೋಡಿ ಬತ್ತಲೆ ಇರಲಿ. ಇದನ್ನಷ್ಟು ಕಿತ್ತು ಹೋಗು ಪಾಷಾ. ಮುಂದ ಗಚ್ಚು ಯಾರು ಮಾಡಬೇಕಂತ ಕಮಿಟಿ ನೋಡ್ತೈತಿ."

ಅವನು ಹೋದ ಮೇಲೆ ಭಾರತಿ ಮೆಲ್ಲಗೆ ಹೇಳಿದಳು: "ಚಾಚಾ, ರಿಪೋರ್ಟಿನ್ಯಾಗ ಬರೀಬೇಕಾಗ್ತೈತ್ರಿ."

"ಬರಿ ಬೇಟಿ. ನಾಕು ಬೊಗಸಿ ಅಂತನ ಬರಿ. ಹೆಚ್ಚು ಬ್ಯಾಡ, ಕಡಿಮಿನೂ ಬ್ಯಾಡ."

ಇನ್ನೂ ಮುಕ್ಕಾಲು ಮಾರು ಉಳಿದಿತ್ತು. ಪ್ರತಿಯೊಂದು ಹಲಗೆಯೂ ಕಲ್ಲನ್ನು ಕಿತ್ತುಕೊಂಡೇ ಬರುವುದೆಂಬುದು ಅವನಿಗೆ ಗೊತ್ತಿತ್ತು. ಚಾಣವನ್ನು ಇನ್ನಷ್ಟು ಓರೆಯಾಗಿ ಹಿಡಿದು, ನೋಯಿಸಬಾರದ ಯಾವುದನ್ನೋ ಎಬ್ಬಿಸುವವನಂತೆ, ಮೆಲ್ಲಗೆ ತಟ್ಟತೊಡಗಿದನು.