ಹೊಂಗೆಮರದ ಬುಡದಲ್ಲಿ ಹೊಗೆ

ಅತ್ತಿಗುಪ್ಪೆಯ ಪಾರ್ಕಿನ ಹೊಂಗೆಮರದಲ್ಲಿ ಹೆಜ್ಜೇನು ಗೂಡು ಕಟ್ಟಿತ್ತು. ಕೆಲವು ವಾರಗಳಿಂದ ಕಮಲಾಕ್ಷಮ್ಮ ಅತ್ತ ಕಾಲಿಟ್ಟಿರಲಿಲ್ಲ. ವಾಕಿಂಗ್ ನಿಂತು ಶುಗರ್ ಏರಿತ್ತು, ಡಾಕ್ಟರು ಗದರಿದ್ದರು. ಆದರೆ ಜೇನು ಕಚ್ಚಿ ಮುಖ ಊದಿದ ಆ ಬೆಳಗನ್ನು ಮರೆಯುವುದು ಹೇಗೆ? ಗೂಡು ಹೋದರೆ ಮಾತ್ರ ಪಾರ್ಕಿಗೆ ಬರುತ್ತೇನೆಂದು ಗಂಡನಿಗೆ ಹೇಳಿಬಿಟ್ಟಿದ್ದರು.

ಅಂದು ಸಂಜೆ ಗಂಡ ಪಂಚಾಕ್ಷರಿ ಗೂಡು ಸುಡುವವನನ್ನು ಕರೆತಂದರು. ಅವನು ಕೋಲಿನ ತುದಿಗೆ ಎಣ್ಣೆಬಟ್ಟೆ ಸುತ್ತುವುದನ್ನು ಕಮಲಾಕ್ಷಮ್ಮ ಗೇಟಿನ ಹೊರಗೆ ನಿಂತು ನೋಡಿದರು. ಮರದ ಪಕ್ಕದ ಜಾರುಬಂಡೆಯಲ್ಲಿ ಮಕ್ಕಳು ಆಡುತ್ತಿದ್ದರು.

ಕಮಲಾಕ್ಷಮ್ಮನವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ವಿಜ್ಞಾನದ ಟೀಚರ್ ಅನಘಾ ಸ್ಕೂಟರ್ ನಿಲ್ಲಿಸಿ ಓಡಿಬಂದಳು.

"ಬೇಡ ಅಂಕಲ್. ಗೂಡಿಗೆ ಬೆಂಕಿ ಇಟ್ರೆ ಜೇನೆಲ್ಲಾ ಒಟ್ಟಿಗೇ ಏಳ್ತವೆ. ಮಕ್ಕಳು ಇಲ್ಲೇ ಇದಾರೆ."

"ನಿಮ್ಮ ಆಂಟಿ ಮುಖ ಕುಂಬಳಕಾಯಿ ಆದಾಗ ನೀನೆಲ್ಲಿದ್ದೆಮ್ಮಾ?"

ಅನಘಾ ಕಮಲಾಕ್ಷಮ್ಮನತ್ತ ತಿರುಗಿದಳು. "ಆಂಟಿ, ದಿನಾ ಆ ಮರದ ಕೆಳಗೇ ನಡೀತಿದ್ರಲ್ಲ. ಅವತ್ತೊಂದಿನ ಮಾತ್ರ ಯಾಕೆ ಕಚ್ತು?"

ಕಮಲಾಕ್ಷಮ್ಮನಿಗೆ ಹೊಗೆ ನೆನಪಾಯಿತು. ಪಾರ್ಕು ಚೊಕ್ಕಟವಾಗಲಿ, ಸೊಳ್ಳೆಯೂ ಓಡಲಿ ಎಂದು ಅವತ್ತು ಬೆಳಿಗ್ಗೆ ಗಂಡನೇ ತರಗೆಲೆ ಗುಡಿಸಿ, ಅದೇ ಮರದ ಬುಡದಲ್ಲಿ ಬೆಂಕಿ ಹಚ್ಚಿದ್ದರು.

ಅಷ್ಟರಲ್ಲಿ ಗೂಡು ಸುಡುವವನು ಕಡ್ಡಿ ಗೀರಿದ.

"ರೀ, ನಿಲ್ಸಿ ಅಂತ ಹೇಳ್ರೀ," ಎನ್ನುತ್ತಾ ಕಮಲಾಕ್ಷಮ್ಮ ಗೇಟು ದಾಟಿದರು. "ಜೇನನ್ನ ಕೆಣಕಿದ್ದು ನೀವು. ಕಚ್ಚಿಸ್ಕೊಂಡಿದ್ದು ನಾನು."

ಪಂಚಾಕ್ಷರಿ ಕಡ್ಡಿ ಆರಿಸುವಂತೆ ಕೈಸನ್ನೆ ಮಾಡಿದರು. ಹಾಗಾದರೆ ತರಗೆಲೆ ಏನು ಮಾಡುವುದೆಂದು ಕೇಳಿದರು. ಬುಡದಲ್ಲೇ ಕೊಳೆತರೆ ಮರಕ್ಕೆ ಗೊಬ್ಬರ, ಅದರಲ್ಲಿನ ಹುಳು ಹಕ್ಕಿಗೆ ಆಹಾರ, ಆ ಮರದ ನೆರಳು ನಮಗೆ ಎಂದಳು ಅನಘಾ. ಹೂವಿನ ಕಾಲ ಮುಗಿದರೆ ಹೆಜ್ಜೇನು ತಾನಾಗಿ ಹೊರಟುಹೋಗುತ್ತದೆ ಎಂದೂ ಹೇಳಿದಳು. ಮಕ್ಕಳನ್ನು ಮನೆಗೆ ಕಳಿಸಿ, ಎಲ್ಲರೂ ಸೇರಿ ಮರದಿಂದ ದೂರಕ್ಕೆ ಸುತ್ತಲೂ ಹಗ್ಗ ಕಟ್ಟಿದರು.

ಮರುದಿನ ಬೆಳಿಗ್ಗೆ ಕಮಲಾಕ್ಷಮ್ಮ ಎದೆ ಗಟ್ಟಿಮಾಡಿಕೊಂಡು ಹಗ್ಗದ ಹೊರಗೆ ಒಂದು ಸುತ್ತು ನಡೆದರು. ಜೇನು ತನ್ನ ಪಾಡಿಗೆ ತಾನಿತ್ತು. ಎರಡನೆಯ ಸುತ್ತಿಗೆ ಕೈ ಬೀಸಿ ನಡೆದರು.

ನಿಮ್ಮ ಪಾರ್ಕಿನಲ್ಲೂ ಜೇನುಗೂಡು ಇದ್ದೀತು. ಕಲ್ಲು, ಹೊಗೆ, ಔಷಧಿ ಬೇಡ. ದೂರವಿರಿ, ಸುತ್ತ ಹಗ್ಗ ಕಟ್ಟಿಸಿ, ಜೇನಿನ ಬಗ್ಗೆ ತಿಳಿದವರಿಗೆ ತಿಳಿಸಿ. ಜೇನು ಕಚ್ಚಿ ಯಾರಿಗಾದರೂ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತರಗೆಲೆ ಮರದ ಬುಡದಲ್ಲೇ ಇರಲಿ. ನಾಳೆ ವಾಕಿಂಗ್‌ಗೆ ಹೊರಡುವಾಗ ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬನ್ನಿ.