ಐದನೆಯ ಹೊಂಗೆ

ಸತ್ಯನಾರಾಯಣಪೇಟೆಯ ಆ ಬೀದಿಯ ಒಂದು ಬದಿಗೆ ಒಂಬತ್ತು ಹಳೆಯ ಮರಗಳಿದ್ದವು. ಹೆಚ್ಚಿನವು ಬೇವು, ನಟ್ಟನಡುವೆ ಒಂದು ಹೊಂಗೆ. ನೆಟ್ಟವರು ಯಾರೆಂದು ಹೇಳುವವರೂ ಉಳಿದಿರಲಿಲ್ಲ.

ಐವತ್ತೆಂಟನೆಯ ವಯಸ್ಸಿಗೆ ಎರಡೂ ಕಣ್ಣು ಹೋದ ಮೇಲೆ ಚನ್ನವೀರಮ್ಮನಿಗೆ ಆ ಮರಗಳೇ ದಾರಿಯಾದವು. ಬೀದಿಯ ಈ ತುದಿಗೆ ಅವಳ ಮನೆ, ಆ ತುದಿಗೆ ಗೆಳತಿ ಹೊನ್ನೂರಮ್ಮನದು. ದಿನಾ ಬೆಳಿಗ್ಗೆ ಒಂದೊಂದೇ ಕಾಂಡ ಸವರುತ್ತ ಹೋಗಿ, ಎಲೆ ಅಡಿಕೆ ಹಾಕಿಕೊಂಡು, ಬಿಸಿಲೇರುವ ಮುಂಚೆ ಹಿಂದಿರುಗುವಳು. ಯಾರಾದರೂ ಕೈ ಹಿಡಿಯಲು ಬಂದರೆ ಅವಳಿಗೆ ಸಿಟ್ಟು.

೧೯೬೯ರ ಬೇಸಿಗೆಯಲ್ಲಿ ಹೊಸ ಕರೆಂಟು ತಂತಿ ಎಳೆಯಲು ಗುತ್ತಿಗೆದಾರನ ಆಳುಗಳು ಬಂದರು. ಒಂಬತ್ತೂ ಮರಗಳಿಗೆ ಸುಣ್ಣದ ಗುರುತು ಬಿತ್ತು. ಮೊದಲು ಕೊಡಲಿ ಬಿದ್ದದ್ದು ಹೊಂಗೆಗೆ. ಆಗ ಚನ್ನವೀರಮ್ಮ ಗೆಳತಿಯ ಮನೆಯಲ್ಲಿದ್ದಳು. ಮರ ಉರುಳಿದ ಸದ್ದು ಕೇಳಿದರೂ ಲಾರಿ ಕಲ್ಲು ಸುರಿದಿರಬೇಕೆಂದುಕೊಂಡಳು.

ಮರಳುವಾಗ ನಾಲ್ಕು ಮರ ದಾಟಿ ಕೈ ಚಾಚಿದಳು. ಏನೂ ಸಿಗಲಿಲ್ಲ. ಎರಡು ಹೆಜ್ಜೆ ಅತ್ತ, ಎರಡು ಇತ್ತ. ತಿಳಿಯದೆ ನಡುರಸ್ತೆಗೆ ಬಂದಿದ್ದಳು. ಟಾಂಗಾದವನು ಕೂಗುತ್ತಿದ್ದಂತೆ ಆ ಆಳುಗಳ ಮೇಸ್ತ್ರಿ ಜೋಗಪ್ಪ ಓಡಿಬಂದು ಅವಳ ರಟ್ಟೆ ಹಿಡಿದ.

"ಎಲ್ಲಿಗ್ ಹೋಗಬೇಕ್ರಿ ಯವ್ವಾ?"

"ಮನಿಗಪ್ಪ. ಇಲ್ಲೊಂದು ಹೊಂಗಿ ಗಿಡ ಇತ್ತಲ್ಲ, ಎಲ್ಲಿ ಹೋತು?"

ಜೋಗಪ್ಪ ಬೊಡ್ಡೆಯ ಕಡೆ ನೋಡಿದ. "ನಾನ ಕಡಿಸಿದ್ನಿ, ಯವ್ವಾ."

ಅವಳು ಬೈಯಲಿಲ್ಲ. "ಹಂಗಾರ ನೀನ ಮನಿ ಮುಟ್ಟಸು," ಎಂದಳು. ದಾರಿಯುದ್ದಕ್ಕೂ ಪ್ರತಿ ಮರದ ಬಳಿ ನಿಂತು ಅವನ ಕೈಯನ್ನು ತೊಗಟೆಗೆ ಒತ್ತಿದಳು. "ಇದು ಬಾಗಿದ್ದು. ಇದಕ್ಕ ಗಂಟು ಐತಿ ನೋಡು. ಇದು ಬಂತಂದ್ರ ನಮ್ಮನಿ."

ಆ ದಿನ ಜೋಗಪ್ಪ ಕೆಲಸ ನಿಲ್ಲಿಸಿದ. ಮರುದಿನ ಇಂಜಿನಿಯರನ್ನು ಕರೆತಂದು, ಬೀದಿಯ ಎದುರು ಬದಿಗೆ ಮರಗಳಿಲ್ಲದೆ ಬರೀ ಹತ್ತಿ ಗೋದಾಮಿನ ಗೋಡೆಯಿರುವುದನ್ನು ತೋರಿಸಿದ. ಇಂಜಿನಿಯರು ಗೊಣಗಿದರು, ಆದರೂ ಒಪ್ಪಿದರು. ಕಂಬಗಳು ಆ ಬದಿಗೆ ಹೋದವು.

ಭಾನುವಾರ ಜೋಗಪ್ಪ ಜಾಲಿಮುಳ್ಳು ಹೊತ್ತು ತಂದು ಹೊಂಗೆಯ ಬೊಡ್ಡೆಯ ಸುತ್ತ ಬೇಲಿ ಕಟ್ಟಿದ. "ಹೊಂಗಿ ಸಾಯಂಗಿಲ್ರಿ ಯವ್ವಾ, ಚಿಗೀತೈತಿ. ಆಡು ಮೇಯದಂಗ ನೋಡ್ಕೊಂಡ್ರ ಸಾಕು."

ನೀರು ಹಾಕುವ ಕೆಲಸ ಹೊನ್ನೂರಮ್ಮ ವಹಿಸಿಕೊಂಡಳು. ಬೇಲಿಯ ಮುಳ್ಳಿಗೆ ಚನ್ನವೀರಮ್ಮನ ಬೆರಳು ದಿನಾ ತರಚುವುದನ್ನು ಕಂಡು ಒಮ್ಮೆ ಕನಿಕರದಿಂದ, "ತಗಸಿಬಿಡ್ಲೇನ?" ಎಂದಳು.

"ಬ್ಯಾಡಬೇ," ಎಂದು ಚನ್ನವೀರಮ್ಮ ನಕ್ಕಳು. "ಚುಚ್ಚಿದ್ರ ಐದನೇದು ಬಂತು ಅಂತ ಗೊತ್ತಾಕ್ಕೈತಿ."

ಮೂರನೆಯ ವರ್ಷ ಬೇಲಿ ತೆಗೆದರು. ಚಿಗುರು ಅವಳ ಮುಂಗೈಯಷ್ಟು ದಪ್ಪವಾಗಿತ್ತು.